ಹಳೇ ಕ್ಯಾಮೆರಾ, ಹೊಸ ಡಬ್ಬಿ

ಕೊಪ್ಪಳದಲ್ಲಿ ನನ್ನದೊಂದು ಕ್ಯಾಮೆರಾ ರಿಪೇರಿ ಅಂಗಡಿ ಇದೆ. ಫೋಟೋ ತೆಗೆಯುವ ಕ್ಯಾಮೆರಾ ಅಲ್ಲ, ಗೋಡೆಯ ಮೇಲೆ ಕೂತು ಹೋಗಿಬರುವವರನ್ನು ನೋಡುವ ಕ್ಯಾಮೆರಾ. ಹತ್ತು ಹನ್ನೆರಡು ವರ್ಷದ ಹಿಂದೆ ಹಾಕಿಸಿದ ಹಳೇ ನಮೂನೆಯವು ನಮ್ಮ ಕಡೆ ಇನ್ನೂ ಬೇಕಾದಷ್ಟಿವೆ. ಅವು ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು, ಅವು ನೋಡಿದ್ದನ್ನೆಲ್ಲ ಕೂಡಿಡುವ ರೆಕಾರ್ಡರ್. ಜನರ ಬಾಯಲ್ಲಿ ಅದು ‘ಡಬ್ಬಿ’. ಹಳೇ ಡಬ್ಬಿ ಬಿಚ್ಚಿ ಹೊಸದನ್ನು ಜೋಡಿಸಲು ನನಗೆ ಒಂದು ತಾಸು ಸಾಕು. ಆಮೇಲೆ ಏಳುವ ಗೊಂದಲ ಬಿಡಿಸಲು ಎಷ್ಟು ದಿನ ಬೇಕೋ, ಅದು ಇವತ್ತಿಗೂ ನನಗೆ ತಿಳಿದಿಲ್ಲ. ಹೋದ ಊರಲ್ಲೆಲ್ಲ ಇದೇ ಆಗುತ್ತದೆ. ಅರ್ಧ ಸಲ ತಪ್ಪು ನನ್ನದೇ ಇರುತ್ತದೆ.

ಒಂಬತ್ತು ಚುಕ್ಕಿ

ಕುಷ್ಟಗಿಯಲ್ಲಿ ಖಾನಾವಳಿ ನಡೆಸುವ ಅಕ್ಕನವರೊಬ್ಬರಿಗೆ ಹೊಸ ಡಬ್ಬಿ ಹಾಕಿಕೊಟ್ಟೆ. ಅದನ್ನು ತೆರೆಯಲು ಪಾಸ್‌ವರ್ಡ್ ಬೇಕು. “ಇಂಗ್ಲಿಷ್ ಅಕ್ಷರ ನನಗ ಬರೂದಿಲ್ಲಪಾ” ಅಂದರು. ಅದಕ್ಕೂ ಉಪಾಯವಿತ್ತು. ಪರದೆ ಮೇಲೆ ಒಂಬತ್ತು ಚುಕ್ಕಿ ಬರುತ್ತವೆ, ಮೌಸ್ ಹಿಡಿದು ಅವುಗಳ ನಡುವೆ ಗೆರೆ ಎಳೆದರೆ ಡಬ್ಬಿ ತೆರೆಯುತ್ತದೆ. ಚುಕ್ಕಿ ನೋಡಿದ್ದೇ ಅಕ್ಕನ ಮುಖ ಅರಳಿತು. “ಇಷ್ಟ ಏನು?” ಅಂತ ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಚಕಚಕ ಗೆರೆ ಎಳೆದೇಬಿಟ್ಟರು.

ಮರುದಿನ ಫೋನು. ಡಬ್ಬಿ ತೆರೆಯುತ್ತಿಲ್ಲ. ಅದರ ಮರುದಿನವೂ ಫೋನು. ಐದು ಸಲ ತಪ್ಪಿದರೆ ಡಬ್ಬಿ ಅರ್ಧ ತಾಸು ಬಾಗಿಲು ಹಾಕಿಕೊಳ್ಳುತ್ತದೆ, ಅಲ್ಲಿಗೆ ಅಕ್ಕನ ಸಿಟ್ಟು ನನ್ನ ಮೇಲೆ. ಮೂರನೇ ದಿನ ಬಸ್ಸು ಹತ್ತಿ ಹೋದೆ.

“ನನ್ನ ಮುಂದ ಒಮ್ಮೆ ಹಾಕಿ ತೋರಸ್ರಿ” ಅಂದೆ. ಕೈ ಎತ್ತದೆ ಒಂಬತ್ತೂ ಚುಕ್ಕಿ ಕೂಡಿಸಿ ಬಹಳ ಚಂದದ ಗೆರೆ ಎಳೆದರು. ಡಬ್ಬಿ ಒಪ್ಪಲಿಲ್ಲ.

“ಅಕ್ಕಾರ, ಮೊದಲನೇ ದಿನ ಹಾಕಿದ್ದು ಇದನ್ನೇನ್ರಿ?”

“ಇಲ್ಲ, ಅವತ್ತಿಂದು ಬ್ಯಾರೆ.”

“ನಿನ್ನಿ ಹಾಕಿದ್ದು?”

“ನಿನ್ನಿದೂ ಬ್ಯಾರೆ.”

“ದಿನಾ ಒಂದ ನಮೂನಿ ಹಾಕಬೇಕ್ರಿ.”

ಅಕ್ಕ ನನ್ನನ್ನು ಮರುಕದಿಂದ ನೋಡಿದರು. “ದಿನಾ ಅದ ರಂಗೋಲಿ ಹಾಕಿದ್ರ ಓಣ್ಯಾಗ ನಗತಾರ.”

ಹಿಂದಿನ ಸೋಮವಾರ

ಯಲಬುರ್ಗಾದ ಒಂದು ಬಟ್ಟೆ ಅಂಗಡಿ. ಡಬ್ಬಿ ಹಾಕಿ ಬಂದ ವಾರದೊಳಗೆ ಮಾಲೀಕರು ಕರೆಸಿದರು. ಸೋಮವಾರ ಒಂದು ಇಳಕಲ್ ಸೀರೆ ಕಾಣೆಯಾಗಿತ್ತು. ಡಬ್ಬಿಯಲ್ಲಿ ಸೋಮವಾರದ ತಾರೀಖು ಹಾಕಿ ಹುಡುಕಿದರೆ ಎಲ್ಲ ಖಾಲಿ. ಹದಿನೆಂಟು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಸೇಲ್ಸ್‌ಮನ್ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. “ಸೀರಿನೂ ಇಲ್ಲ, ರೆಕಾರ್ಡೂ ಇಲ್ಲ. ಅಂಗಡಿ ಕೀಲಿ ಇರೂದು ನನ್ನ ಬಿಟ್ರ ಇವನ ಹತ್ರ” ಅಂದರು ಮಾಲೀಕರು. ಅವನ ಕಣ್ಣು ಕೆಂಪಾಗಿದ್ದವು.

ನೋಡಿದೆ. ಡಬ್ಬಿಗೆ ತಾರೀಖು ಹೊಂದಿಸುವುದನ್ನೇ ಮರೆತು ಹೋಗಿದ್ದೆ. ಅದು ತನ್ನ ಪಾಡಿಗೆ ಎರಡು ಸಾವಿರದ ಇಸವಿಯ ಜನವರಿ ಒಂದರಿಂದ ಎಣಿಸುತ್ತ ಕೂತಿತ್ತು. ನಾನು ಡಬ್ಬಿ ಹಾಕಿದ್ದು ಶುಕ್ರವಾರ. ಅಲ್ಲಿಂದ ಬೆರಳು ಮಡಚಿ ಎಣಿಸಿದರೆ ಸೋಮವಾರ ಅಂದರೆ ಜನವರಿ ನಾಲ್ಕು. ಹಾಕಿದೆ. ಅಂಗಡಿ ಕಂಡಿತು.

ಪರದೆಯಲ್ಲಿ ಸೋಮವಾರದ ಮಧ್ಯಾಹ್ನ. ಸೇಲ್ಸ್‌ಮನ್ ಊಟಕ್ಕೆ ಹೋದ. ಮಾಲೀಕರು ಗಾದಿ ಮೇಲೆ ಹಾಗೇ ಒರಗಿ ನಿದ್ದೆ ಹೋದರು. ಒಬ್ಬ ಹೆಂಗಸು ಒಳಗೆ ಬಂದು, ಕಪಾಟು ತೆರೆದು, ಸೀರೆಯನ್ನು ಹೆಗಲ ಮೇಲೆ ಇಟ್ಟು ಕನ್ನಡಿಯಲ್ಲಿ ನೋಡಿಕೊಂಡು, ಚೀಲಕ್ಕೆ ಹಾಕಿಕೊಂಡು ಹೊರಟರು. ಅವರು ಮಾಲೀಕರ ಹೆಂಡತಿ.

ಮಾಲೀಕರು ಸೇಲ್ಸ್‌ಮನ್ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟು, “ತಪ್ಪಾತಪಾ, ಮನಸಿಗೆ ಹಚ್ಚಿಕೋಬ್ಯಾಡ” ಅಂದರು. ಅವನು ಆಗ ತಲೆ ಎತ್ತಿದ.

“ಮನ್ಯಾಗ ಅಕ್ಕಾರನ್ನ ಕೇಳ್ತೀರೇನ್ರಿ?” ಅಂದೆ ನಾನು.

ಮಾಲೀಕರು ಪರದೆಯನ್ನು ಇನ್ನೊಮ್ಮೆ ನೋಡಿದರು. “ಎರಡು ಸಾವಿರದ ಇಸವಿ ಅಂತ ಅಲ್ಲೇ ಬರದೈತಿ. ಅವಾಗ ನನ್ನ ಮದುವೀನ ಆಗಿರಲಿಲ್ಲ. ಈ ಹೆಣ್ಮಗಳು ಯಾರೋ ನನಗ ಗೊತ್ತಿಲ್ಲ.”

ದನಿ ಬರವಲ್ದು

ಹನುಮಸಾಗರದ ಒಬ್ಬ ರೈತರಿಗೆ ಫೋನಿನಲ್ಲೇ ಹೇಳಿದ್ದೆ: “ಟೀವಿ ಹತ್ರ ಇರೂ ಕಪ್ಪು ಡಬ್ಬಿ ಬಿಚ್ಚಿ ಇಡ್ರಿ, ನಾ ಹೊಸಾದು ತರ್ತೀನಿ.” ಹೋಗಿ ನೋಡಿದರೆ ಅವರು ಬಿಚ್ಚಿದ್ದು ಡಿಶ್ ಡಬ್ಬಿ. ಅದನ್ನು ಮಗಳ ಮನೆಗೂ ಕಳಿಸಿಬಿಟ್ಟಿದ್ದರು. ನನ್ನ ಡಬ್ಬಿ ಜೋಡಿಸಿದಾಗ ಟೀವಿಯಲ್ಲಿ ಬಂದದ್ದು ಅವರ ಓಣಿ ಒಂದೇ. ಅವರ ತಾಯಿ, ಎಂಬತ್ತರ ಅಜ್ಜಿ, ಎದುರಿಗೆ ಕೂತು ನೋಡುತ್ತಲೇ ಇದ್ದರು. ಎದುರು ಮನೆಯ ಅತ್ತೆ-ಸೊಸೆ ಕಟ್ಟೆ ಮೇಲೆ ಕೈ ತಿರುವಿ ಜಗಳಾಡುತ್ತಿದ್ದರು.

ಅಜ್ಜಿಯ ಧಾರಾವಾಹಿ ತಪ್ಪಿಸಿದ್ದಕ್ಕೆ ಬೈಸಿಕೊಳ್ಳಬೇಕಾದೀತು ಅಂತ ನಾನು ಮೆಲ್ಲಗೆ ಚೀಲ ಎತ್ತಿಕೊಂಡೆ. ಅಜ್ಜಿ ತಡೆದರು. “ಇದು ಅದಕ್ಕಿಂತ ಭಾಳ ಛಲೋ ಐತಿ, ತಮ್ಮಾ. ಆದರ ದನಿ ಬರವಲ್ದು. ದನಿ ಬರೂ ಹಂಗ ಮಾಡಿ ಹೋಗು.”

ಗೋದಾಮಿನಲ್ಲಿ ಕೂತವನು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಎಂಟು ಹಳೇ ಕ್ಯಾಮೆರಾ. ಹಳೇ ಡಬ್ಬಿಯಿಂದ ಎಂಟು ವೈರು ಕಿತ್ತು ಹೊಸದಕ್ಕೆ ಚುಚ್ಚುವಾಗ ಯಾವುದು ಯಾವ ಕ್ಯಾಮೆರಾದ್ದು ಅಂತ ಗುರುತು ಮಾಡಿಕೊಂಡಿರಲಿಲ್ಲ. ಅಂದಾಜಿನ ಮೇಲೆ ಹೆಸರು ಹಾಕಿ, ಅಂಗಳದಲ್ಲಿ ಚಹಾ ಕುಡಿಯಲು ಕೂತೆ. ಗಿರಣಿ ಸಾಹುಕಾರರು ಆಫೀಸಿನಲ್ಲಿ ಪರದೆ ಮುಂದೆ ಕೂತಿದ್ದರು.

ಅವರು ಗುಮಾಸ್ತರಿಗೆ ಫೋನು ಮಾಡುವುದು ಕಿಟಕಿಯಿಂದ ಕೇಳಿಸಿತು. “ಗೋದಾಮಿನ್ಯಾಗ ಯಾವನೋ ಬೋಳತಲಿಯವ ಕುರ್ಚಿ ಹಾಕ್ಕೊಂಡು ಆರಾಮ ಕುಂತಾನ. ಲಗೂನ ಹೋಗ್ರಿ.”

ಗುಮಾಸ್ತರು ಇಬ್ಬರು ಹಮಾಲರನ್ನು ಕರೆದುಕೊಂಡು ಗೋದಾಮಿಗೆ ಓಡಿದರು. ಫೋನಿನಲ್ಲೇ ಹೇಳಿದರು: “ಸಾಹುಕಾರ್ರ, ಇಲ್ಲಿ ಚೀಲ ಬಿಟ್ರ ಏನೂ ಇಲ್ರಿ.”

“ನನ್ನ ಕಣ್ಣ ಮುಂದ ಅದಾನ. ಈಗ ಅವನೂ ಫೋನ್ ಹಿಡದು ಮಾತಾಡಾಕತ್ತಾನ. ಯಾರಿಗೋ ಸುದ್ದಿ ಕೊಡಾಕತ್ತಾನ.”

ಸಾಹುಕಾರರೇ ಎದ್ದು ಗೋದಾಮಿಗೆ ಧಾವಿಸಿದರು. ಯಾರೂ ಇಲ್ಲ. ಬೆವರು ಒರೆಸಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತರು. ಪರದೆಯಲ್ಲಿ ಅವನು ಮತ್ತೆ ಅಲ್ಲೇ ಕೂತಿದ್ದ, ಅವನೂ ಬೆವರು ಒರೆಸಿಕೊಳ್ಳುತ್ತಿದ್ದ.

ಅಷ್ಟೊತ್ತಿಗೆ ನಾನು ಒಳಗೆ ಬಂದೆ. ಪರದೆಯಲ್ಲಿ ನಾನು ‘ಗೋದಾಮು’ ಅಂತ ಹೆಸರು ಹಾಕಿದ್ದ ಚಿತ್ರ ನೋಡಿದೆ, ಅವರ ಬೆನ್ನ ಹಿಂದಿನ ಗೋಡೆ ಮೇಲಿದ್ದ ಕ್ಯಾಮೆರಾ ನೋಡಿದೆ.

“ಸಾಹುಕಾರ್ರ, ಒಮ್ಮೆ ಬಲಗೈ ಮ್ಯಾಲ ಎತ್ತರಿ.”

ಎತ್ತಿದರು. ಬೋಳತಲೆಯವನೂ ಎತ್ತಿದ. ಸಾಹುಕಾರರು ನಿಧಾನ ಆ ಕೈಯನ್ನು ತಮ್ಮ ತಲೆಯ ಹಿಂಬದಿಗೆ ಒಯ್ದು ಸವರಿಕೊಂಡರು. ಅವನೂ ಸವರಿಕೊಂಡ. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು ಸೂರಿನ ಕಡೆ ಮುಖ ಮಾಡಿದರು.

ಸಾಹುಕಾರರು ಕೈ ಇಳಿಸಿ ಕೇಳಿದರು: “ಹಳೇ ಡಬ್ಬಿ ರಿಪೇರಿ ಆಗ್ತೈತೇನ್ರಿ?”

“ಯಾಕ್ರಿ? ಹೊಸದರಾಗ ಎಷ್ಟು ಸ್ವಚ್ಛ ಕಾಣ್ತೈತಿ ನೋಡ್ರಿ.”

“ಅದಕ್ಕ ಕೇಳಾಕತ್ತೀನಿ” ಅಂದರು. “ಅದರಾಗ ಎಲ್ಲಾ ಮಸಕ ಮಸಕ ಇತ್ತು. ನನಗ ಕೂದಲಾ ಇತ್ತು.”