ಉತ್ತರ ಹೇಳದ ಮಾಷ್ಟ್ರು

ಬೇರೆ ಮಾಷ್ಟ್ರುಗಳ ಕ್ಲಾಸಿನಲ್ಲಿ ಮಕ್ಕಳು ಪಾಠ ಕಲಿತು ತಣ್ಣಗೆ ಮನೆಗೆ ಹೋಗುತ್ತಿದ್ದರು. ನನ್ನ ಕ್ಲಾಸಿನಲ್ಲಿ ಮಾತ್ರ ವಾರಕ್ಕೊಂದು ರಾಮಾಯಣ ಆಗದೆ ಇರುತ್ತಿರಲಿಲ್ಲ. ತಪ್ಪು ನನ್ನದಲ್ಲ ಮಾರಾಯ್ರೆ, ಟ್ರೈನಿಂಗಿನದ್ದು.

ಅರವತ್ತರ ದಶಕದ ಆರಂಭ. ಟ್ರೈನಿಂಗ್ ಮುಗಿಸಿ ಕುಂದಾಪುರದ ಹತ್ತಿರ, ಹೊಳೆ ನಡುವಿನ ಒಂದು ಕುದ್ರುವಿನ ಶಾಲೆಗೆ ಸೇರಿದ್ದೆ. ಸುತ್ತಲೂ ನೀರು, ಸೇತುವೆ ಇಲ್ಲ, ದೋಣಿಯೇ ಗತಿ. ಟ್ರೈನಿಂಗಿನಲ್ಲಿ ನಮ್ಮ ತಲೆಗೆ ತುಂಬಿದ್ದು ಒಂದೇ ಮಾತು. ಉತ್ತರ ಹೇಳಬೇಡಿ, ಪ್ರಶ್ನೆ ಕೇಳುತ್ತಾ ಹೋಗಿ, ಮಕ್ಕಳೇ ಮಾಡಿ ನೋಡಿ ಕಂಡುಕೊಳ್ಳಲಿ.

ಹೆಡ್‌ಮಾಷ್ಟ್ರಿಗೆ ಇದು ಹಿಡಿಸಲಿಲ್ಲ. ಇನ್‌ಸ್ಪೆಕ್ಟರ ವರದಿ ಚೆನ್ನಾಗಿದ್ದರೆ ಮಾತ್ರ ಕೆಲಸ ಖಾಯಂ, ಈ ಹುಚ್ಚಾಟ ಬಿಟ್ಟು ಬಾಯಿಪಾಠ ಮಾಡಿಸಿ ಎಂದರು. ಅತ್ತ ಬ್ರಹ್ಮಾವರದಲ್ಲಿ ಒಂದು ಸಂಬಂಧ ಗಟ್ಟಿಯಾಗಿತ್ತು. ಖಾಯಂ ಆಗದೆ ಹೆಣ್ಣು ಕೊಡುವುದಿಲ್ಲ ಎಂದು ಅವರೂ ಖಡಾಖಂಡಿತ ಹೇಳಿದ್ದರು. ನನ್ನ ಮದುವೆ ಆ ವರದಿಯ ಮೇಲೆ ನಿಂತಿತ್ತು. ಆದರೂ ಹಟ ಬಿಡಲಿಲ್ಲ.

ಬೇಯಿಸಿದ ಭತ್ತ

ನಮ್ಮದು ಕುಚ್ಚಲಕ್ಕಿ ಉಣ್ಣುವ ಊರು. ಬೇಯಿಸಿ ಒಣಗಿಸಿದ ಭತ್ತವೂ ಬಿತ್ತನೆಯ ಭತ್ತವೂ ನೋಡಲು ಹೆಚ್ಚುಕಮ್ಮಿ ಒಂದೇ. ಬೇಯಿಸಿದ ಭತ್ತಕ್ಕೆ ಮೊಳಕೆ ಬರುತ್ತದೆಯೇ, ಮನೆಯಲ್ಲಿ ಮಾಡಿ ನೋಡಿ ಎಂದೆ. ನಾನು ಅಂದುಕೊಂಡದ್ದು ಒಂದು ಹಿಡಿ ಭತ್ತ.

ಮೂರನೇ ಕ್ಲಾಸಿನ ಹುಡುಗನೊಬ್ಬ ಅಪ್ಪ ಅಮ್ಮ ಗದ್ದೆಗೆ ಹೋದಾಗ, ಮಾಷ್ಟ್ರು ಭತ್ತ ಬೇಯಿಸಲು ಹೇಳಿದ್ದಾರೆ ಎಂದು ಅಜ್ಜಿಗೆ ತಿಳಿಸಿದ. ಅಜ್ಜಿಗೆ ಕಣ್ಣು ಮಂಜು, ಮಾಷ್ಟ್ರ ಮೇಲೆ ಗೌರವ ಜಾಸ್ತಿ. ಭತ್ತ ತುಂಬಿ ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಮುಡಿಯೊಂದು ಕೈಗೆ ಸಿಕ್ಕಿದ್ದನ್ನು ಬಿಚ್ಚಿ, ಇದ್ದ ಭತ್ತವನ್ನೆಲ್ಲ ಹಂಡೆಗೆ ಸುರಿದು ಬೆಂಕಿ ಹಾಕಿದರು. ಅದು ಆ ವರ್ಷದ ಬಿತ್ತನೆಗೆಂದು ಕಟ್ಟಿಟ್ಟ ಮುಡಿ.

ಸುದ್ದಿ ಮರುದಿನ ನನ್ನ ಕಿವಿಗೆ ಬಿತ್ತು. ಸಾಸ್ತಾನದ ನಮ್ಮ ಮನೆಯಿಂದ ಒಂದು ಮುಡಿ ಬಿತ್ತನೆ ಭತ್ತ ತಂದು, ದೋಣಿ ಇಳಿದು, ತಲೆ ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟೆ. ಹುಡುಗನ ಅಪ್ಪ ಬೈಯಲಿಲ್ಲ. ಮುಡಿ ಇಳಿಸಿಕೊಂಡು ತಣ್ಣಗೆ ಹೇಳಿದರು.

"ಬೇಯ್ಸಿದ್ ಭತ್ತ ಮೊಳ್ಕಿ ಬತ್ತಿಲ್ಲೆ ಮಾಷ್ಟ್ರೇ. ನಂಗ್ ಮೊದ್ಲೇ ಗೊತ್ತಿದ್ದಿತ್. ನನ್ನತ್ರ ಕೇಂಡಿದ್ರೆ ಹೇಳ್ತಿದ್ದೆ."

ಬಾವಿಯಲ್ಲಿ ವಿಜ್ಞಾನ

ಇನ್ನು ಮನೆಯ ಭತ್ತದ ತಂಟೆಯೇ ಬೇಡವೆಂದು ನೀರಿಗೆ ಬಂದೆ. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ, ನೋಡಿ ಬರೆದುಕೊಂಡು ಬನ್ನಿ ಎಂದೆ. ಬಕೆಟ್ ನೀರು ಸಾಕು ಎಂದು ಹೇಳಲು ಮರೆತೆ.

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯ ಬಾವಿಯಲ್ಲೇ ಪ್ರಯೋಗ ಮಾಡಿದ್ದಳು. ಅವಳ ಅಮ್ಮ ಹೇಳಿಕಳಿಸಿದರು, ನಾನು ಹೋದೆ. ಪಾತಾಳಗರಡಿಯ ಕೊಕ್ಕೆ ಇಳಿಸಿ ಮಧ್ಯಾಹ್ನದವರೆಗೆ ಬಾವಿ ತಡಕಿದೆ. ಮೊದಲು ಚೊಂಬು ಬಂತು, ಆಮೇಲೆ ಎರಡು ಸೌಟು, ಆಮೇಲೆ ಅಜ್ಜಿಯ ಎಲೆಯಡಿಕೆ ಕುಟ್ಟಾಣಿ. ಒಂದೊಂದು ಮೇಲೆ ಬಂದಾಗಲೂ ಹುಡುಗಿ ಕಟ್ಟೆಯ ಮೇಲೆ ಕೂತು ಸ್ಲೇಟಿನಲ್ಲಿ "ಮುಳುಗಿತು" ಎಂದು ಗುರುತು ಹಾಕುತ್ತಿದ್ದಳು. ಅವಳ ಶಿಸ್ತು ಕಂಡು ನನಗೆ ಖುಷಿಯೋ ಖುಷಿ, ಬೆನ್ನು ಮಾತ್ರ ಮುರಿದಿತ್ತು.

ಅಮ್ಮ ಬೆಲ್ಲ ನೀರು ತಂದುಕೊಟ್ಟು ಮೆಲ್ಲಗೆ ಹೇಳಿದರು. "ಮಾಷ್ಟ್ರೇ, ಬಪ್ಪು ವಾರ ಬಂಗಾರ ತೇಲತ್ತಾ ಅಂದ್ ಕೇಣ್ಬೇಡಿ. ನಂಗಿಪ್ಪುದ್ ಈ ಕರಿಮಣಿ ಒಂದೇ."

ಇನ್‌ಸ್ಪೆಕ್ಟರು ಕಲಿತ ಪಾಠ

ಕೊನೆಗೂ ಇನ್‌ಸ್ಪೆಕ್ಟರು ಬಂದರು. ಘಟ್ಟದ ಮೇಲಿನವರು, ಉಬ್ಬರ ಇಳಿತ ಪುಸ್ತಕದಲ್ಲಿ ಓದಿದ್ದಷ್ಟೆ. ಬೆಳಿಗ್ಗೆ ಹೊಳೆ ತುಂಬಿತ್ತು, ದೋಣಿ ಶಾಲೆಯ ಹತ್ತಿರವೇ ತಂದು ಬಿಟ್ಟಿತ್ತು.

ಗಾಳಿಗೆ ತೂಕ ಇದೆಯೇ ಎಂದು ಅವರು ಕೇಳಿದರೆ, ನೀವು ತೂಗಿ ಕಂಡಿದ್ದೀರಾ ಎಂದು ಮಕ್ಕಳು ಅವರನ್ನೇ ಕೇಳಿದವು. ಹೆಡ್‌ಮಾಷ್ಟ್ರು ಬೆವರು ಒರೆಸಿಕೊಂಡರು. ಬ್ರಹ್ಮಾವರದ ಸಂಬಂಧ ಹೋಯಿತು ಎಂದುಕೊಂಡೆ.

ಊಟ ಮುಗಿಸಿ ಇನ್‌ಸ್ಪೆಕ್ಟರು ಜಗಲಿಯಲ್ಲಿದ್ದ ಐದನೇ ಕ್ಲಾಸಿನ ಹುಡುಗಿಯನ್ನು ವಾಪಸು ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವಳಿಗೆ ಗೊತ್ತಿತ್ತು, ಕುದ್ರುವಿನ ಬೆಕ್ಕಿಗೂ ಗೊತ್ತಿರುತ್ತದೆ. ಆದರೆ ಅವಳು ನನ್ನ ಶಿಷ್ಯೆ. ನನ್ನ ಮುಖ ನೋಡಿದಳು. ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ, ಪ್ರಶ್ನೆ ಕೇಳು ಎಂಬಂತೆ ಹೆಮ್ಮೆಯಿಂದ ತಲೆಯಾಡಿಸಿದೆ.

"ಬೆಳಿಗ್ಗೆ ನೀವ್ ಬಪ್ಪತಿಗೆ ನೀರ್ ಎಲ್ಲಿವರಿಗೆ ಇದ್ದಿತ್ ಸಾರ್?"

"ಆ ತೆಂಗಿನ ಬುಡದವರೆಗೆ."

"ಈಗ ಎಲ್ಲಿತ್ತ್?"

ಇನ್‌ಸ್ಪೆಕ್ಟರಿಗೆ ಹುರುಪು ಬಂತು. ಅಂಗಳಕ್ಕಿಳಿದು ಹೊಯ್ಗೆಯಲ್ಲಿ ಕಡ್ಡಿಯಿಂದ ಹೊಳೆ ಬರೆದರು, ದೋಣಿ ಬರೆದರು, ನೀರಿನ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಮಕ್ಕಳು ಸುತ್ತ ನಿಂತು ಪ್ರಶ್ನೆ ಕೇಳುತ್ತಲೇ ಇದ್ದವು. ಮುಕ್ಕಾಲು ಗಂಟೆಯಾದ ಮೇಲೆ ಅವರ ಮುಖ ಅರಳಿತು. ನೀರು ಇಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಅದಕ್ಕೆ ಮೊದಲೇ ಹೊರಡಬೇಕು ಎಂದು ಸಾರಿದರು. ಮಕ್ಕಳು ಚಪ್ಪಾಳೆ ಹೊಡೆದವು.

"ಹಾಗಾದರೆ ನಾನು ಯಾವಾಗ ಹೊರಡಬೇಕು?"

"ನೀವ್ ಚಿತ್ರ ಬರಿಯೂಕೆ ಸುರು ಮಾಡುವತಿಗೆ ಹೊರಡ್ಕಿದ್ದಿತ್ ಸಾರ್."

ತಿರುಗಿ ನೋಡಿದರೆ ದೋಣಿ ಕೆಸರಿನ ಮೇಲೆ ವಾಲಿಕೊಂಡು ಮಲಗಿತ್ತು. ಮತ್ತೆ ನೀರು ಏರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟರವರೆಗೆ ಅವರು ಶಾಲೆಯ ಜಗಲಿಯಲ್ಲಿ ಕೂತು ನನ್ನ ವರದಿ ಬರೆದರು. ಅದು ತಿಂಗಳ ಮೇಲೆ ಕೈಸೇರಿತು. ನಿಂತಲ್ಲೇ ಬಿಡಿಸಿದೆ.

"ಇವರ ಪದ್ಧತಿಯಲ್ಲಿ ಕಲಿತದ್ದು ಜನ್ಮದಲ್ಲಿ ಮರೆಯುವಂತಿಲ್ಲ. ಇವರನ್ನು ಖಾಯಂ ಮಾಡಬಹುದು. ಮುಂದಿನ ತಪಾಸಣೆಗೆ ಬೇರೆಯವರನ್ನು ಕಳುಹಿಸತಕ್ಕದ್ದು."