ಆಂಟೆನಾ ತಿರುಗಿಸಿದ ಸೋರೆಕಾಯಿ

ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳಿಗೆ ನಾಲ್ಕು ಗಿಡ ಬೆಳೆಸುವುದು ಎಷ್ಟರ ಕೆಲಸ? ಹಾಗೆಂದು ನಂಬಿಯೇ ನಾನು ತೊಂಬತ್ತರ ದಶಕದ ಒಂದು ಮಾರ್ಚ್ ತಿಂಗಳಲ್ಲಿ, ಚಾಮರಾಜಪೇಟೆಯ ನಮ್ಮ ವಠಾರದ ತಾರಸಿಗೆ ಹನ್ನೆರಡು ಮಣ್ಣಿನ ಕುಂಡ ಹೊರಿಸಿದೆ. ಗಾಂಧಿ ಬಜಾರಿನಿಂದ ಟೊಮೇಟೊ, ಬೆಂಡೆ, ಸೋರೆ ಬೀಜ ತಂದೆ. ಹೇಗೆ ಬಿತ್ತಬೇಕೆಂದು ಹೇಳಲು ಅಂಗಡಿಯವರು ಬಾಯಿ ತೆರೆದಾಗ, "ನಾನು ಬಯಾಲಜಿ ಟೀಚರ್" ಎಂದೆ. ಅವರು ಬಾಯಿ ಮುಚ್ಚಿಕೊಂಡರು.

ಮೊದಲ ವಾರ ಏನೂ ಮೊಳೆಯಲಿಲ್ಲ. ಬೇರು ಬಂದಿದೆಯೇ ಎಂದು ನಾನು ದಿನಕ್ಕೆರಡು ಸಲ ಬೀಜ ಕೆದಕಿ ತೆಗೆದು, ಕನ್ನಡಕ ಹಾಕಿಕೊಂಡು ತಪಾಸಣೆ ನಡೆಸುತ್ತಿದ್ದೆ!

ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯ ಪುಟ್ಟಮ್ಮ ಇದನ್ನು ಕಂಡು ಸೊಂಟಕ್ಕೆ ಕೈಯಿಟ್ಟು ನಿಂತರು. ಅವರು ಮದ್ದೂರಿನ ಕಡೆಯ ಬೇಸಾಯದ ಮನೆಯವರು.

"ಅಯ್ಯೋ ಟೀಚರಮ್ಮ, ಮಲಗಿರೋ ಮಗೂನ ಗಳಿಗೆಗೊಂದ್ಸಲ ಎಬ್ಬಿಸಿ ನೋಡ್ತಾರಾ? ಸುಮ್ನೆ ಬಿಡಿ. ಸಸಿ ಬಂದ್ಮೇಲೆ ಒಂದು ಹಿಡಿ ಕಡ್ಲೆಕಾಯಿ ಹಿಂಡಿ ನೆನೆಸಿ, ತೆಳ್ಳಗೆ ನೀರು ಮಾಡಿ ಹಾಕಿ. ಸಾಕು."

ಕೆದಕುವುದನ್ನು ಬಿಟ್ಟೆ. ಹನ್ನೊಂದು ಕುಂಡಗಳಲ್ಲಿ ಸಸಿ ಬಂತು. ಆದರೆ ಒಂದು ಹಿಡಿ ಹಿಂಡಿ ಯಾವ ಮೂಲೆಗೆ? ಐದು ಕಿಲೋ ಹಿಂಡಿಯನ್ನು ಡ್ರಮ್ಮಿನಲ್ಲಿ ನೆನೆಹಾಕಿ, ಮುಚ್ಚಳ ಬಿಗಿದು, ವಾರ ಕಳೆದು ತೆರೆದೆ.

ಆ ವಾಸನೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕೆಳಗಿನ ಮನೆಯವರು ಒಳಚರಂಡಿ ಒಡೆದಿದೆಯೆಂದು ದೂರು ಕೊಡಲು ಹೊರಟರು. ಪುಟ್ಟಮ್ಮ ಒಣಗಿದ ಸೀರೆಗಳನ್ನೆಲ್ಲ ಮತ್ತೆ ಒಗೆದರು. ನಮ್ಮ ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು ಮೇಲೆ ಬಂದರು.

"ಏನೇ ಇದು, ಗೊಬ್ಬರಾನಾ? ಯುದ್ಧಕ್ಕೆ ತಯಾರೀನಾ?"

ಗಾಬರಿಯಲ್ಲಿ ಇಡೀ ಡ್ರಮ್ಮನ್ನು ಕುಂಡಗಳಿಗೆ ಬಗ್ಗಿಸಿದೆ. ಮೂರೇ ದಿನ! ಹನ್ನೊಂದು ಕುಂಡದ ಸಸಿಗಳೂ ಸುಟ್ಟಂತೆ ಕಪ್ಪಾದವು. ನೀರಿನ ಟ್ಯಾಂಕಿನ ಪಕ್ಕದ ಹನ್ನೆರಡನೆಯ ಕುಂಡಕ್ಕೆ ಸಿಕ್ಕಿದ್ದು ಡ್ರಮ್ಮಿನ ತಳದ ಒಂದೆರಡು ಹನಿ ಮಾತ್ರ. ಅದರಲ್ಲಿ ಹೇಗೂ ಏನೂ ಮೊಳೆತಿರಲಿಲ್ಲ.

ವಠಾರದ ಮಾಲೀಕರು ತಾರಸಿಗೆ ಬೀಗ ಜಡಿದರು. ನಾನು ಅವಮಾನ ತಾಳಲಾರದೆ, ತಂಗಿಯ ಬಾಣಂತನದ ನೆಪದಲ್ಲಿ ಒಂದೂವರೆ ತಿಂಗಳು ಮೈಸೂರಿಗೆ ಹೋಗಿಬಿಟ್ಟೆ.

ಹಿಂತಿರುಗಿದ್ದು ಒಂದು ಭಾನುವಾರ. ಯಜಮಾನರು ಟಿವಿಯ ತಲೆಗೆ ಬಡಿಯುತ್ತಿದ್ದರು. ಪರದೆಯಲ್ಲಿ ಒಬ್ಬ ಬ್ಯಾಟ್ಸ್‌ಮನ್ ಇಬ್ಬರಾಗಿ ಓಡುತ್ತಿದ್ದ.

"ಹದಿನೈದು ದಿನದಿಂದ ಎಲ್ಲರ ಮನೇಲೂ ಹೀಗೇ ಕಣೇ. ಮೇಲಿರೋದು ಒಂದೇ ಆಂಟೆನಾ. ಇವತ್ತು ಫೈನಲ್ ಬೇರೆ!"

ಬೀಗದ ಕೈ ತಂದೆವು. ಇಡೀ ವಠಾರ ಮೂಗು ಹಿಡಿದುಕೊಂಡು ಹಿಂದೆ ಬಂತು. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ನೂಕಿದೆವು.

ಎದುರಿಗೆ ತಾರಸಿಯೇ ಇರಲಿಲ್ಲ! ಊಟದ ತಟ್ಟೆಯಷ್ಟಗಲದ ಎಲೆಗಳು ನೆಲವನ್ನು ಮುಚ್ಚಿದ್ದವು. ಬಟ್ಟೆಯ ತಂತಿ ಕಾಣದು, ಟ್ಯಾಂಕ್ ಕಾಣದು. ಟ್ಯಾಂಕಿನಿಂದ ತುಂಬಿ ಚೆಲ್ಲುವ ನೀರು ಕುಡಿಯುತ್ತಾ, ಆ ಹನ್ನೆರಡನೆಯ ಕುಂಡದ ಸೋರೆಬಳ್ಳಿ ಆಂಟೆನಾದ ಕಂಬ ಹತ್ತಿ ಕುಳಿತಿತ್ತು. ಆಂಟೆನಾದ ಅಡ್ಡ ಸಲಾಕೆಯಿಂದ ತೋಳುದ್ದದ ಕಾಯೊಂದು ಇಳಿಬಿದ್ದಿತ್ತು. ಗಾಳಿ ಬಂದರೆ ಕಾಯಿ ತೂಗುತ್ತಿತ್ತು. ಅದರ ಜೊತೆ ಆಂಟೆನಾ ಮೆಲ್ಲಗೆ ತಿರುಗುತ್ತಿತ್ತು.

ಎಲ್ಲರೂ ಮೂಗಿನಿಂದ ಕೈ ತೆಗೆದರು. ನಾನು ಹತ್ತಿರ ಹೋಗಿ ಕುಡಿಯೊಂದನ್ನು ಮುಟ್ಟಿದೆ. ಸ್ಪ್ರಿಂಗಿನಂತೆ ಸುತ್ತಿಕೊಂಡ ಆ ಎಳೆ ಕಂಬವನ್ನು ಮಗುವಿನ ಬೆರಳಿನ ಹಾಗೆ ಹಿಡಿದಿತ್ತು. ಬೋರ್ಡಿನ ಮೇಲೆ ನೂರು ಸಲ ಇದರ ಚಿತ್ರ ಬಿಡಿಸಿದ್ದೆ. ಒಮ್ಮೆಯೂ ಮುಟ್ಟಿರಲಿಲ್ಲ.

"ಕೊಯ್ರೀ, ಮ್ಯಾಚ್ ಮುಗಿದೋಗುತ್ತೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಚಾಕು ಹಿಡಿದ ಯಜಮಾನರು ತಲೆಯೆತ್ತಿ ನಿಂತೇ ಇದ್ದರು. "ಇರ್ಲಿ ಬಿಡ್ರೀ, ಇನ್ನೊಂದೈದ್ನಿಮಿಷ ನೋಡೋಣ."

ಪಕ್ಕದ ಬೀದಿಯಲ್ಲಿ ಪಟಾಕಿ ಹೊಡೆದಾಗಲೇ ನಮಗೆ ಫಲಿತಾಂಶ ತಿಳಿದದ್ದು!

ಸುದ್ದಿ ಬಸವನಗುಡಿಯವರೆಗೂ ಹೋಯಿತು. ಅಲ್ಲಿಂದ ನನ್ನ ಸಹೋದ್ಯೋಗಿಯೊಬ್ಬರು ಪುಸ್ತಕ, ಪೆನ್ನು ಹಿಡಿದು ಬಂದರು. "ಹೊಸದಾಗಿ ಶುರು ಮಾಡೋರಿಗೆ ಏನಾದ್ರೂ ಟಿಪ್ಸ್ ಹೇಳಿ ಮೇಡಂ."

ನಾನು ಕನ್ನಡಕ ಸರಿಮಾಡಿಕೊಂಡೆ. "ಮೊದ್ಲು ಕುಂಡದಲ್ಲಿ ಬೀಜ ಹಾಕಿ."

"ಆಮೇಲೆ?"

"ಆಮೇಲೆ ಒಂದೂವರೆ ತಿಂಗಳು ಊರು ಬಿಟ್ಟು ಹೋಗಿ!"

ಆಕೆ ಅದನ್ನೂ ಶ್ರದ್ಧೆಯಿಂದ ಬರೆದುಕೊಂಡರು.