ಕೂಸಿನ ಕೌದಿ, ಕಚೇರಿಯ ಮುದ್ದತು

ಅಚ್ಚಾದ ಅಕ್ಷರವನ್ನು ಹೆಚ್ಚು ನಂಬುವವರು ಯಾರು ಎಂದು ಕೇಳಿದರೆ, ಹೆಚ್ಚು ಕಲಿತವರು ಎಂದು ನೀವು ಹೇಳಬಹುದು. ನನ್ನ ಅನುಭವ ಬೇರೆ. ಕಲಿತವರು ಅಚ್ಚಾದದ್ದನ್ನು ಒಂದು ಸಲ ಕಣ್ಣಾಡಿಸಿ, ಮೂಗು ಮುರಿದು, ಮಡಚಿ ಇಟ್ಟುಬಿಡುತ್ತಾರೆ. ನನ್ನಂಥ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವರು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ. ಅಷ್ಟು ಬೆವರು ಸುರಿಸಿ ಓದಿದ್ದು ಸುಳ್ಳಾಗಬಹುದು ಎಂದರೆ ಮನಸ್ಸು ಒಪ್ಪುವುದೇ ಇಲ್ಲ. ಹಾಗಾಗಿ ನಮ್ಮ ಟಿಕೋಟಾದ ಚಾವಡಿಯ ಗೋಡೆಗೆ ಹಚ್ಚಿದ ಹಳದಿ ಕಾಗದದಲ್ಲಿ, ವಿಜಾಪುರದಲ್ಲಿ ಕೈಕೆಲಸದ ಪ್ರದರ್ಶನ ನಡೆಯುತ್ತದೆ, ಕೌದಿ ಕಸೂತಿಗಳಲ್ಲಿ ಪರೀಕ್ಷಕರು ಆರಿಸಿದ್ದನ್ನು ಮಾತ್ರ ಇಡುತ್ತಾರೆ, ಸಾಮಾನು ಹೊಸದಿರಬೇಕು, ಶೀಗಿ ಹುಣ್ಣಿಮೆಯ ನಂತರದ ಸೋಮವಾರವೇ ಕಡೆಯ ಮುದ್ದತು ಎಂದು ಓದಿದಾಗ, ಆ ಸೋಮವಾರವನ್ನು ನಾನು ದೇವರ ಮಾತೆಂದೇ ತಿಳಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಆಯಿಯಾಗಿದ್ದೇನೆ. ಮಾತು ಎಲ್ಲಿಂದ ಶುರುವಾದರೂ ಮೊಮ್ಮಗನ ಹತ್ತಿರ ಹೋಗಿ ನಿಲ್ಲುತ್ತದೆ, ಅದಕ್ಕೆ ನೀವು ಬೇಸರಪಡಬಾರದು. ಮಗಳು ಕಸ್ತೂರಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸಿರು, ಹೆರಿಗೆ ತವರಿನಲ್ಲಿಯೇ. ಎಳ್ಳಮಾವಾಸ್ಯೆಯ ಸುಮಾರಿಗೆ ದಿನ ತುಂಬುತ್ತವೆ ಎಂದು ಸೂಲಗಿತ್ತಿ ಹೇಳಿದ್ದಳು. ನಮ್ಮ ಮನೆತನದಲ್ಲಿ ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತವರಿನ ಕೌದಿಯ ಮೇಲೆಯೇ ಮಲಗಿಸಬೇಕು. ಅದಕ್ಕೆಂದು ನಾನು ಶ್ರಾವಣದಲ್ಲಿಯೇ ಸೂಜಿ ಹಿಡಿದಿದ್ದೆ. ನನ್ನ ಮದುವೆಯ ಇಳಕಲ್ ಸೀರೆಯ ಸೆರಗು, ಯಜಮಾನರ ಹಳೆಯ ಧೋತರ, ಕಸ್ತೂರಿ ಆರು ವರ್ಷದವಳಿದ್ದಾಗ ಉಡುತ್ತಿದ್ದ ಹಸಿರು ಪರಕಾರ, ಎಲ್ಲ ಕೂಡಿ ಕೌದಿಯಾಯಿತು. ನಡುವೆ ಒಂದು ನವಿಲು ಕೂರಿಸಿದೆ. ಯಜಮಾನರು ಅದನ್ನು ಬಹಳ ಹೊತ್ತು ನೋಡಿ, "ಕೋಳಿ ಛಂದ ಆಗೇತಿ" ಎಂದರು. ಆ ದಿನ ಅವರಿಗೆ ತಂಗಳ ರೊಟ್ಟಿ ಬಡಿಸಿದೆ.

ಆದರೆ ನನ್ನ ಒಳಗಿನ ಆಸೆ ಬೇರೆ ಇತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಕೌದಿ ಹೊಲಿದಿದ್ದೇನೆ. ಎಲ್ಲವೂ ನೆಲಕ್ಕೆ ಹಾಸಿದಂಥವು. ಮಂದಿ ಅವುಗಳ ಮೇಲೆ ಮಲಗಿ ಗೊರಕೆ ಹೊಡೆದರೇ ಹೊರತು ಕಣ್ಣು ತೆರೆದು ನೋಡಿದವರಿಲ್ಲ. ಒಂದಾದರೂ ಗೋಡೆ ಏರಲಿ, ನಾಲ್ಕು ಮಂದಿ ಕತ್ತೆತ್ತಿ ನೋಡಲಿ ಎಂದುಕೊಂಡಿದ್ದೆ. ದೀಪಾವಳಿಗೆ ಪ್ರದರ್ಶನ ಮುಗಿಯುತ್ತದೆ, ಕೌದಿ ಮನೆಗೆ ಬರುತ್ತದೆ, ಆಮೇಲೆ ಕೂಸು ಬರುತ್ತದೆ. ಲೆಕ್ಕ ಸರಿಯಾಗಿತ್ತು.

ಕೌದಿಯ ನಾಲ್ಕನೆಯ ಮೂಲೆಯನ್ನು ನಾವು ಕಡೆಯತನಕ ಹೊಲಿಯುವುದಿಲ್ಲ. ಕೌದಿ ಮನೆ ಬಿಡುವ ದಿನ ಅದರೊಳಗೆ ಒಂದು ತುತ್ತು ಹೋಳಿಗೆ ಇಟ್ಟು ಮೂಲೆ ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆ ಸೋಮವಾರ ನಸುಕಿನಲ್ಲಿ ಎದ್ದು ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ಮಾಡಿ, ಕೌದಿಗೆ ಒಂದು ತುತ್ತು, ಯಜಮಾನರಿಗೆ ಐದು ಹೋಳಿಗೆ ಉಣಿಸಿ, ಮೊದಲ ಬಸ್ಸಿಗೆ ವಿಜಾಪುರಕ್ಕೆ ಹೋದೆ.

ಕಚೇರಿಯಲ್ಲಿ ಗುಮಾಸ್ತರು ನನ್ನ ಅರ್ಜಿಯನ್ನೇನೋ ತಾವೇ ಕೇಳಿ ಕೇಳಿ ಬರೆದುಕೊಂಡರು, ತಾರೀಖು ಹಾಕಿ ಶಿಕ್ಕಾ ಒತ್ತಿದರು. ಆಮೇಲೆ ಗಂಟು ನೋಡಿ, "ಸಾಮಾನು ಈಗ ಬ್ಯಾಡ್ರಿ ಬಾಯಿ. ಮುದ್ದತು ಮುಂದ ಹೋಗೇತಿ. ದೀಪಾವಳಿ ಆದ ಮ್ಯಾಲ ತರ್ರಿ" ಎಂದರು.

"ಯಾಕ್ರಿ ಸಾಹೇಬ್ರ, ಕಾಗದದಾಗ ಇವತ್ತ ಅಂತ ಐತಲ್ಲ."

"ಅರ್ಜಿ ಸಾಲವಲ್ಲು. ಇನ್ನಷ್ಟು ಮಂದಿ ಬರಲಿ ಅಂತ ಮ್ಯಾಲಿನವರು ಹೇಳ್ಯಾರ."

"ಹಂಗಾದ್ರ ಹೇಳಿದ ದಿನಕ್ಕ ಬಂದವರದು ತಪ್ಪಾತೇನ್ರಿ?"

ಅವರು ಶಿಕ್ಕಾದ ಮಸಿ ಒರೆಸತೊಡಗಿದರು. ಪಕ್ಕದ ಬಾಕಿನ ಮೇಲೆ ಕುಳಿತ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಕನಮಡಿಯ ಗೌರವ್ವ. ಅವಳು ತನ್ನ ಮೊಮ್ಮಗನ ತಲೆಯ ಅಳತೆಗೆ ಹೊಲಿದ ಕಸೂತಿಯ ಕುಲಾಯಿ ತಂದಿದ್ದಳು. "ಅಕ್ಕಾ, ನಿಂದು ಕೌದಿ, ಹಂಗ ಇರ್ತೈತಿ. ನನ್ನ ಹುಡುಗನ ತಲಿ ಇವರ ಮುದ್ದತಿಗೆ ಕಾಯ್ತದೇನ?" ಎಂದಳು. ಅಂದಿನಿಂದ ನಾವಿಬ್ಬರೂ ಗೆಳತಿಯರು.

ಮನೆಗೆ ಬಂದು ಕೌದಿಯನ್ನು ಟ್ರಂಕಿನಲ್ಲಿಟ್ಟೆ. ಹೊಟ್ಟೆ ತುಂಬಿದ ಕೌದಿಯನ್ನು ಟ್ರಂಕಿನಲ್ಲಿ ಇಡಬಾರದೆಂದು ನಮ್ಮ ಅತ್ತೆ ಹೇಳಿರಲಿಲ್ಲ, ಯಾಕೆಂದರೆ ಅವರ ಕಾಲದಲ್ಲಿ ಕೌದಿಗಳು ಹೊರಟು ನಿಂತ ಮೇಲೆ ತಿರುಗಿ ಬರುತ್ತಿರಲಿಲ್ಲ. ನಾಲ್ಕನೆಯ ದಿನ ನೋಡಿದರೆ ಟ್ರಂಕಿನಿಂದ ಬಾಗಿಲತನಕ ಕೆಂಪಿರುವೆಗಳ ಮೆರವಣಿಗೆ. ಮೂಲೆ ಬಿಚ್ಚಿ ಹೋಳಿಗೆ ತೆಗೆದು, ಕೌದಿ ಝಾಡಿಸಿ, ಬಿಸಿಲಿಗೆ ಹಾಕಿದೆ. ದೀಪಾವಳಿ ಮುಗಿಯಿತು. ಮತ್ತೆ ನಸುಕು, ಮತ್ತೆ ಬೇಳೆ, ಮತ್ತೆ ಹೂರಣ, ಮತ್ತೆ ಬಸ್ಸು. ಈ ಸಲ ಕೌದಿ ಆರಿಸುವ ಹೆಣ್ಣುಮಗಳು, ಪರೀಕ್ಷಕ ಬಾಯಿಯವರು, ಊರಲ್ಲಿಲ್ಲವಂತೆ. ಎಳ್ಳಮಾವಾಸ್ಯೆ ಮುಗಿದ ಸೋಮವಾರ ಬರಬೇಕಂತೆ. ಬಾಕಿನ ಮೇಲೆ ಗೌರವ್ವ ಕುಲಾಯಿಯ ಹಿಂಬದಿ ಬಿಚ್ಚಿ ಎರಡು ಬೆರಳು ಅಗಲ ಮಾಡುತ್ತ ಕುಳಿತಿದ್ದಳು. ನಾನು ಬರಿಗೈಯಲ್ಲಿ, ಅಲ್ಲ, ತುಂಬಿದ ಕೈಯಲ್ಲಿಯೇ ಮನೆಗೆ ಬಂದೆ. ಯಜಮಾನರು ಬಾಗಿಲಲ್ಲೇ ಗಂಟು ನೋಡಿ ಮುಖ ಅರಳಿಸಿದರು.

"ಮತ್ತ ಮುಂದ ಹಾಕ್ಯಾರೇನ?"

"ಹೂಂ."

"ಒಳ್ಳೇ ಮಂದಿ ಇದ್ದಂಗ ಕಾಣ್ತಾರ. ಇನ್ನೊಂದೆರಡು ಸಲ ಹಾಕಲಿ ಬಿಡು. ವರ್ಷಕ್ಕ ಇಷ್ಟು ಸಲ ಹೋಳಿಗಿ ನಮ್ಮವ್ವನೂ ನನಗ ಮಾಡಿ ಹಾಕಿರಲಿಲ್ಲ."

ನಾನು ಬುದ್ಧಿವಂತಳಾದೆ. ಕಚೇರಿಯ ಕೆಲಸಕ್ಕೆ ಬೇಳೆಯ ಹೋಳಿಗೆ ನಡೆಯುವುದಿಲ್ಲ, ತಿಂಗಳಿಟ್ಟರೂ ಕೆಡದ ಸೇಂಗಾ ಹೋಳಿಗೆಯೇ ಬೇಕು ಎಂದು ನಿಶ್ಚಯಿಸಿದೆ. ಕಚೇರಿಯವರು ಸಾಮಾನು ಇಟ್ಟುಕೊಳ್ಳುವತನಕ ಮುಚ್ಚುವುದೇ ಬೇಡವೆಂದು ಮೂಲೆಯನ್ನು ಬಿಚ್ಚಿಯೇ ಇಟ್ಟು, ಸೂಜಿಯನ್ನು ಅಲ್ಲಿಯೇ ಚುಚ್ಚಿಟ್ಟೆ.

ಸರಕಾರದ ಮುದ್ದತು ಮುಂದೆ ಮುಂದೆ ಹೋಗುತ್ತಿದ್ದರೆ ನನ್ನ ಮೊಮ್ಮಗ ತನ್ನದನ್ನು ಒಂದು ದಿನವೂ ಮುಂದೆ ಹಾಕಲಿಲ್ಲ. ಎಳ್ಳಮಾವಾಸ್ಯೆಗೆ ಐದು ದಿನ ಇರುವಾಗ, ಹೊಲಕ್ಕೆ ಒಯ್ಯುವ ಸಜ್ಜೆಯ ಕಡುಬಿಗೆ ಹಿಟ್ಟು ಬೀಸುತ್ತಿದ್ದಾಗಲೇ ಹುಟ್ಟಿದ. ಮುಂಜಾನೆ ಹೊತ್ತು ಮೂಡುವ ಹೊತ್ತು. ಆಹಾ, ಆ ಕೂಗು. ಓಣಿಯ ಕೊನೆಯವರೆಗೂ ಕೇಳಿಸಿತಂತೆ. ಹಣೆ ನನ್ನದು, ಮೂಗು ಬಬಲೇಶ್ವರದ್ದು, ಕಿವಿ ಮಾತ್ರ ಯಜಮಾನರವು, ಅದಕ್ಕೆ ಯಾರೇನು ಮಾಡುವುದು. ಬಾಣಂತಿಯನ್ನು ಬಿಟ್ಟು ಹೋಗುವಂತಿರಲಿಲ್ಲ, ಸೋಮವಾರ ಯಜಮಾನರನ್ನೇ ಗಂಟು ಕೊಟ್ಟು ಕಳಿಸಿದೆ. ಮಧ್ಯಾಹ್ನದ ಬಸ್ಸಿಗೆ ಗಂಟಿನೊಂದಿಗೇ ಬಂದು ಇಳಿದರು. "ಶಿವರಾತ್ರಿ ಆದ ಮ್ಯಾಲಂತ" ಎಂದು ನೀರು ಕೇಳಿದರು. ಯಾಕೆ ಎಂದು ಕೇಳಿದೆ. "ಅದನ್ನ ಕೇಳೂದು ಮರತೆ. ಆ ಗುಮಾಸ್ತಗ ಮೊಮ್ಮಗನ ಸುದ್ದಿ ಹೇಳಕೋತ ಕುಂತಿದ್ದೆ. ಪಾಪ, ಛಲೋ ಮನಷ್ಯ. ಪೂರಾ ಕೇಳಿದ" ಎಂದರು.

ಹದಿಮೂರನೆಯ ದಿನ ತೊಟ್ಟಿಲ ಕಾರ್ಯ. ಬಬಲೇಶ್ವರದಿಂದ ಬೀಗರು ಚಕ್ಕಡಿ ಕಟ್ಟಿಕೊಂಡು ಬಂದರು. ಈಗ ನನ್ನ ಪಾಪವನ್ನು ಹೇಳಿಕೊಳ್ಳಬೇಕು. ಸಾಮಾನು ಹೊಸದಿರಬೇಕು ಎಂಬ ಅಚ್ಚಾದ ಮಾತು ನನ್ನ ತಲೆಯಲ್ಲಿ ಕೂತಿತ್ತು. ಶಿವರಾತ್ರಿಯ ತನಕ ಕೌದಿ ಹೊಸದಾಗಿಯೇ ಇರಲಿ ಎಂದು ಟ್ರಂಕಿಗೆ ಕೀಲಿ ಹಾಕಿ, ತೊಟ್ಟಿಲಿಗೆ ಒಂದು ಹಳೆಯ ಕೌದಿಯನ್ನು ನೀಟಾಗಿ ಹಾಸಿದೆ. ಬೀಗತಿಯ ಕೈ ಎಂಥದೆಂದರೆ, ತೊಟ್ಟಿಲೊಳಗೆ ಒಂದೇ ಸಲ ಸವರಿ ಗುರುತು ಹಿಡಿದರು.

"ಬೀಗತಿ, ಈ ಕೌದಿ ಮ್ಯಾಲ ನಮ್ಮ ಕಸ್ತೂರಿನೂ ಮಲಗಿದ್ದಳು ಕಾಣತೈತಿ. ಹೊಸಾದು ಹೊಲದೀರಿ ಅಂತ ಕೇಳಿದ್ದೆ."

"ಹೊಲದೇನ್ರಿ. ಅದು ವಿಜಾಪುರಕ್ಕ ಹೋಗೂದೈತಿ."

"ಹಂಗೇನ್ರಿ. ಹೊಸಾದು ಕಚೇರಿಗೆ, ಹಳೇದು ಮೊಮ್ಮಗಗ. ಆಗಲಿ, ಮುಂದ ಕಚೇರಿಯವರ ಬಾಣಂತನಾನೂ ನೀವ ಮಾಡ್ರಿ."

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ನಾನು ಕಸ್ತೂರಿಯ ಮುಖ ನೋಡಿದೆ. ಅವಳು ನಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು, "ಇರಲಿ ಬಿಡ್ರಿ ಅತ್ತಿ, ಅವ್ವಗ ಅದನ್ನ ಗ್ವಾಡಿ ಮ್ಯಾಲ ನೋಡೂ ಆಸೆ ಐತಿ" ಎಂದಳು, ಬಹಳ ಮೆತ್ತಗೆ. ಬೀಗತಿಯ ಮಾತಿಗೆ ನಾನು ಸೋಲುತ್ತಿರಲಿಲ್ಲ, ಇದಕ್ಕೆ ಸೋತೆ. ಸೊಂಟದಿಂದ ಕೀಲಿ ತೆಗೆದು ಟ್ರಂಕು ಬಿಚ್ಚಿದೆ. ಗೋಡೆಯ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎಲ್ಲರೆದುರು ಒಂದು ತುತ್ತು ಸೇಂಗಾ ಹೋಳಿಗೆ ಇಟ್ಟು ಮೂಲೆ ಹೊಲಿದು ದಾರ ಕಡಿದೆ. ಕೂಸನ್ನು ನವಿಲಿನ ಮೇಲೆ ಮಲಗಿಸಿದರು. ಹೆಸರು ಕರೆದು ಬೀಗತಿ ಕಿವಿಯಿಂದ ಬಾಯಿ ತೆಗೆಯುವುದರೊಳಗೆ ಅವನು ನವಿಲಿಗೆ ಎಣ್ಣೆನೀರು ಎರೆದುಬಿಟ್ಟ. "ಈಗ ಆತು ನೋಡ್ರಿ ಕೌದಿ" ಎಂದರು ಬೀಗತಿ.

ಆಮೇಲೆ ಎರಡು ತಿಂಗಳು ಆ ಕೌದಿ ದಿನ ಬಿಟ್ಟು ದಿನ ನೀರು ಕಂಡಿತು. ಅಂಟವಾಳದ ನೊರೆಯಲ್ಲಿ ತೊಳೆದು ತೊಳೆದು ಬಿಸಿಲಿಗೆ ಹಾಕಿದಂತೆ ಅದು ಬೆಣ್ಣೆಯಂತಾಯಿತು. ಹೊಲಿಗೆಗಳು ಬಟ್ಟೆಯೊಳಗೆ ಕೂತು ಸಣ್ಣ ಸಣ್ಣ ಅಲೆಗಳಾದವು. ಶಿವರಾತ್ರಿ ಮುಗಿಯಿತು. ನಾನು ಸುಮ್ಮನಿದ್ದೆ. ಕಸ್ತೂರಿಯೇ ಕೌದಿ ಮಡಚಿ ಗಂಟು ಕಟ್ಟಿ ನನ್ನ ಬಗಲಿಗೆ ತುರುಕಿದಳು. "ಹೋಗಬೇ ಯವ್ವಾ. ಬ್ಯಾಡಂದ್ರ ಬ್ಯಾಡಂದಾರು. ಕೌದಿಯೇನು ಅಳೂದಿಲ್ಲ."

ಆ ಸೋಮವಾರ ಕಚೇರಿಯ ಪಡಸಾಲೆ ತುಂಬಿತ್ತು. ಬೇರೆಯವರ ಕೌದಿಗಳೂ ಬಂದಿದ್ದವು, ಮೂರು ಮುದ್ದತು ಟ್ರಂಕಿನಲ್ಲಿ ಕಳೆದಂಥವು. ಬಿಚ್ಚಿದರೆ ಕರ್ಪೂರದ ಗುಳಿಗೆಯ ವಾಸನೆ. ಮಡಚಿದಲ್ಲಿ ಗೆರೆ ಬಿದ್ದು ಬಣ್ಣ ಹೋಗಿತ್ತು, ಒಂದನ್ನು ಇಲಿ ಕಡಿದಿತ್ತು. ಪರೀಕ್ಷಕ ಬಾಯಿ, ಕನ್ನಡಕ ಹಾಕಿದ ವಯಸ್ಸಾದವರು, ಒಂದೊಂದನ್ನೇ ಮುಟ್ಟುತ್ತ ಬಂದು ನನ್ನದರ ಮೇಲೆ ಕೈಯಿಟ್ಟವರು ತೆಗೆಯಲೇ ಇಲ್ಲ.

"ಇದರ ಮ್ಯಾಲ ಯಾರರೆ ಮಲಗ್ಯಾರೇನ್ರಿ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಆದರೆ ಮೊಮ್ಮಗನ ಸುದ್ದಿಯಲ್ಲಿ ನನಗೆ ಸುಳ್ಳು ಬರುವುದಿಲ್ಲ. "ನನ್ನ ಮೊಮ್ಮಗ ಮಲಗ್ಯಾನ್ರಿ. ಬರೇ ಮಲಗಿಲ್ಲ" ಎಂದೆ.

ಗುಮಾಸ್ತರು ಕೈ ಹಿಂದಕ್ಕೆ ಎಳೆದುಕೊಂಡರು. "ಬಳಸಿದ್ದು ನಡಿಯಂಗಿಲ್ಲ ಬಾಯಿ. ಹೊಸದಿರಬೇಕಂತ ನಿಯಮ ಐತಿ."

ನನಗೆ ಎಲ್ಲಿಂದ ಧೈರ್ಯ ಬಂತೋ. "ಸಾಹೇಬ್ರ, ಇದರೊಳಗಿನ ಒಂದು ತುಂಡರೆ ಬಳಸದೇ ಇದ್ದದ್ದು ಐತೇನ್ರಿ? ಹಳೇ ಬಟ್ಟಿ ಇಲ್ಲದ ಕೌದಿ ಯಾರು ಹೊಲಿತಾರ? ಶೀಗಿ ಹುಣ್ಣಿಮಿಗೆ ತಂದಾಗ ಇದು ಹೊಸಾದ ಇತ್ತು. ನೀವ ತಿರುಗಿಸಿ ಕಳಿಸಿದ್ರಿ. ನೀವು ದಿನಾ ಮುಂದ ಹಾಕಬಹುದು, ಕೂಸಿಗೆ ಹುಟ್ಟಬ್ಯಾಡ ಅನ್ನಾಕ ಆಗತೈತೇನ್ರಿ? ಕೌದಿ ಹಳೇದಾಗಿಲ್ಲ, ನಿಮ್ಮ ಮುದ್ದತು ಹಳೇದಾಗೇತಿ."

"ಖರೇನ ಅಂತಾಳ್ರಿ," ಎಂದು ಹಿಂದಿನಿಂದ ಗೌರವ್ವನ ದನಿ. ಅವಳು ಕುಲಾಯಿ ಎತ್ತಿ ಹಿಡಿದಿದ್ದಳು. ಮೂರು ಸಲ ಬಿಚ್ಚಿ ಹೊಲಿದು ಅದು ಈಗ ದೊಡ್ಡವರಿಗೂ ಆಗುವಂತಿತ್ತು. "ಇನ್ನೊಂದು ಸಲ ಮುಂದ ಹಾಕಿದ್ರ ಗುಮಾಸ್ತರ ತಲೀಗೇ ಆಗತಿತ್ತು."

ಪಡಸಾಲೆಯೆಲ್ಲ ನಕ್ಕಿತು. ಬಾಯಿಯವರು ನನ್ನ ಅರ್ಜಿ ತರಿಸಿ ತಾರೀಖು ನೋಡಿದರು, ಶಿಕ್ಕಾ ನೋಡಿದರು. "ಅರ್ಜಿ ಕೊಟ್ಟ ದಿನ ಹೊಸದಿದ್ದರ ಸಾಕು. ಅವರು ಮುದ್ದತಿಗೆ ಬಂದಾರ, ನಾವು ಬಂದಿಲ್ಲ," ಎಂದು ಗುಮಾಸ್ತರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಉಳಿದವು ನೋಡಾಕ ಮಾಡಿದಂಗ ಅದಾವ. ಇದೊಂದ ನೋಡ್ರಿ, ಮಲಗಾಕ ಮಾಡಿದ್ದು," ಎಂದರು. ಎಂಟು ದಿನದ ಪ್ರದರ್ಶನದಲ್ಲಿ ನನ್ನ ಕೌದಿ ಬಾಗಿಲಿಗೆ ಎದುರಿನ ಗೋಡೆಯ ಮೇಲೆ, ಮೊದಲ ಸ್ಥಾನದ ಚೀಟಿ ಹಚ್ಚಿಕೊಂಡು ತೂಗಿತು. ಯಜಮಾನರನ್ನು ಕರೆದೊಯ್ದು ತೋರಿಸಿದೆ. ಅವರು ಕತ್ತೆತ್ತಿ ನೋಡಿ, ನೆರೆದವರಿಗೆ ಕೇಳುವಂತೆ, "ನವಿಲು ಛಂದ ಐತಿ," ಎಂದರು. ಹಿಗ್ಗಿ ಹಿಗ್ಗಿ ನನ್ನ ಕುಬಸದ ಹೊಲಿಗೆ ಬಿಚ್ಚುವುದೊಂದು ಬಾಕಿ ಇತ್ತು.

ಎಂಟನೆಯ ದಿನ ಕೌದಿ ತರಲು ಹೋದೆ. ಗುಮಾಸ್ತರು ಸ್ವಲ್ಪ ಹೆದರಿಕೊಂಡೇ ಎದ್ದು ನಿಂತು, ನೋಡುವ ಮಂದಿ ಬಹಳ ಬರುತ್ತಿದ್ದಾರೆ, ಪ್ರದರ್ಶನ ಮುಗಿಸುವ ದಿನ ಮುಂದೆ ಹೋಗಿದೆ, ಸಿಟ್ಟಾಗಬೇಡಿರಿ ಎಂದರು. ನಾನು ಸಿಟ್ಟಾಗಲಿಲ್ಲ. "ಆಗಲಿ ಬಿಡ್ರಿ ಸಾಹೇಬ್ರ, ಅವಸರ ಏನೈತಿ? ಬೇಕಂದ್ರ ಇನ್ನ ಹದಿನೈದು ದಿನಾ ಹಾಕ್ರಿ," ಎಂದು ನನ್ನ ಬಾಯಿಯೇ ಹೇಳಿತು.

ಮನೆಗೆ ಬಂದಾಗ ಮೊಮ್ಮಗ ನನ್ನ ಹಳೆಯ ಸೀರೆಯ ಮೇಲೆ ಕಾಲು ಬಡಿದು ಅಳುತ್ತಿದ್ದ. ಕೌದಿ ಇಲ್ಲದೆ ಎಂಟು ದಿನದಿಂದ ಅವನಿಗೆ ನಿದ್ದೆ ಹತ್ತುತ್ತಿಲ್ಲ ಎಂದು ಕಸ್ತೂರಿ ಬಾಗಿಲಲ್ಲೇ ಕಾಯುತ್ತಿದ್ದಳು. ಬರಿಗೈ ನೋಡಿದಳು.

"ಯವ್ವಾ, ಕೂಸಿನ ಕೌದಿ ಎಲ್ಲಿ?"

"ಮುಂದಿನ ಸೋಮವಾರ ತರತೇನವ್ವಾ" ಎಂದೆ.

"ಯಾವ ಸೋಮವಾರ?"

ಅದಿನ್ನೂ ಗೊತ್ತಾಗಿಲ್ಲ ಎಂದು ಹೇಳಿ, ಅವಳ ಮುಖ ನೋಡಲಾರದೆ, ತೊಟ್ಟಿಲು ತೂಗಲು ಕುಳಿತೆ.